ಮುಟ್ಟದೆ ಕಳಿಸಿದವಳು

ನಾನು ಕಾಲು ಮುಂದಾಗಿ ಹುಟ್ಟಿದವಳು. ಎಲ್ಲ ಮಕ್ಕಳೂ ತಲೆ ಮುಂದೆ ಮಾಡಿಕೊಂಡು ಬಂದರೆ ನಾನು ಎಡಗಾಲು ಮುಂದಿಟ್ಟು ಬಂದೆನಂತೆ. ಮೂಡಲಗಿ ಹತ್ತಿರದ ಮಸಗುಪ್ಪಿಯಲ್ಲಿ, ನಮ್ಮ ಮನೆಯ ಒಳಕೋಣೆಯಲ್ಲಿ, ಅವ್ವ ಎರಡು ದಿನ ಒದ್ದಾಡಿದಳು. ಸೂಲಗಿತ್ತಿ ಕೈಚೆಲ್ಲಿ ಕೂತಿದ್ದಳು. ಕೊನೆಗೂ ನಾನು ಬಂದಾಗ ಅಪ್ಪನ ತಾಯಿ ಬಾಗಿಲ ಹೊರಗಿನಿಂದಲೇ ಅಂದಳಂತೆ: “ಮೊದಲನೇದ ಹೆಣ್ಣ. ಅದೂ ಕಾಲ ಮುಂದ ಮಾಡ್ಕೊಂಡ ಬಂದೈತಿ. ಇನ್ನೇನ ಕಾದೈತೋ ಈ ಮನಿಗಿ.” ಈ ಮಾತನ್ನು ಅವ್ವ ನನಗೆ ನೂರು ಸಲ ಹೇಳಿದ್ದಾಳೆ. ಹೇಳುವಾಗಲೆಲ್ಲ ಅವಳ ಮುಖದಲ್ಲಿ ಗೆಲುವಿನ ಕಳೆ ಇರುತ್ತಿತ್ತು, ಯಾಕೆಂದರೆ ಆಮೇಲೆ ಗೆದ್ದವಳು ಅವಳೇ.

ನಮ್ಮ ಕಡೆ ಒಂದು ನಂಬಿಕೆಯಿದೆ. ಕಾಲು ಮುಂದಾಗಿ ಹುಟ್ಟಿದವರು ಎಡಗಾಲಿನಿಂದ ತುಳಿದರೆ ಹಿಡಿದ ಟೊಂಕ ಬಿಡುತ್ತದೆ ಅಂತ. ನನಗೆ ಐದು ವರ್ಷವಿದ್ದಾಗ ಬಾಜೂ ಮನೆಯ ಹಿರಿಯರು ಕಬ್ಬಿನ ಹೊರೆ ಎತ್ತಲು ಹೋಗಿ ಬಗ್ಗಿದವರು ಬಗ್ಗಿದಂತೆಯೇ ನಿಂತುಬಿಟ್ಟರು. ಅವ್ವ ನನ್ನ ಕೈಹಿಡಿದುಕೊಂಡು ಹೋಗಿ ಅವರನ್ನು ಬೋರಲು ಮಲಗಿಸಿ, ಬೆನ್ನ ಮೇಲೆ ಮೂರು ಸಲ ನನ್ನ ಎಡಗಾಲು ಊರಿಸಿದಳು. ಅವರು ಎರಡು ದಿನ ಕಳೆದು ಎದ್ದು ಹೊಲಕ್ಕೆ ಹೋದರು. ಅಷ್ಟೇ ಸಾಕಾಯಿತು. ರವಿವಾರ ಬೆಳಿಗ್ಗೆ, ಇನ್ನೂ ನೀರು ಕುಡಿಯುವ ಮುಂಚೆ, ನಮ್ಮ ಹೊಸ್ತಿಲ ಮುಂದೆ ಟೊಂಕ ಹಿಡಿದವರು ಬಂದು ಸಾಲಾಗಿ ಮಲಗತೊಡಗಿದರು. ಅಲ್ಲಿಯವರೆಗೆ ಒಲೆಯ ಮುಂದಿನಿಂದ ಏಳಲು ಅಪ್ಪಣೆ ಇರದಿದ್ದ ಸೊಸೆ ಈಗ ಕಟ್ಟೆಯ ಮೇಲೆ ಕೂತು, “ನೀ ಬಾ, ನೀ ಕುಂದರ, ನಿಂದೇನ, ಎಂದಿನಿಂದ ಐತಿ?” ಎಂದು ವಿಚಾರಿಸುತ್ತಿದ್ದಳು. ಅಜ್ಜಿಯೇ ಅವಳಿಗೆ ಚಹಾ ತಂದುಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನನಗೂ ಅದು ಸೇರುತ್ತಿತ್ತು. ಸುಳ್ಳು ಯಾಕೆ ಹೇಳಲಿ? ಮೀಸೆ ಹೊತ್ತ ಗಂಡಸರು, ಸಾಲೆಯ ಮಾಸ್ತರರು, ಬಾಯಿ ಬಿಟ್ಟರೆ ಬೈಯುವ ಮುದುಕಿಯರು ನನ್ನ ಕಾಲ ಕೆಳಗೆ ಮಣ್ಣಿಗೆ ಮುಖವಿಟ್ಟು ಮಲಗುತ್ತಿದ್ದರು. ಎದ್ದ ಮೇಲೆ ಕೈಮುಗಿಯುತ್ತಿದ್ದರು. ಪೆಪ್ಪರಮಿಂಟು, ಬೆಲ್ಲದ ಹೆಂಟೆ, ಒಮ್ಮೆ ಒಬ್ಬರು ಗೋಕಾಕದಿಂದ ಕರದಂಟು ಸಹ ತಂದುಕೊಟ್ಟಿದ್ದರು. ಆ ವಯಸ್ಸಿನ ಯಾವ ಹುಡುಗಿಗೆ ಇಷ್ಟು ಮರ್ಯಾದೆ ಸಿಕ್ಕೀತು?

ಆಮೇಲೆ ನಾನು ಓದಿದೆ. ವಿಜ್ಞಾನ ಕಲಿತು ಗೋಕಾಕದ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿಯಾದೆ. ಪ್ರಯೋಗಾಲಯದ ಮೂಲೆಯಲ್ಲಿ ನಿಲ್ಲಿಸಿದ ಪ್ಲಾಸ್ಟಿಕ್ಕಿನ ಅಸ್ಥಿಪಂಜರದ ಬೆನ್ನೆಲುಬನ್ನು ಬೆರಳಿಟ್ಟು ತೋರಿಸುತ್ತ ಎಷ್ಟೋ ವರ್ಷ ಪಾಠ ಮಾಡಿದೆ. ಹಿಡಿದ ಟೊಂಕ ಸಾಮಾನ್ಯವಾಗಿ ತನ್ನಷ್ಟಕ್ಕೆ ತಾನೇ ಬಿಡುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಜನ ಮೂರನೆಯ ದಿನ ನನ್ನ ಹತ್ತಿರ ಬರುತ್ತಿದ್ದರು, ಐದನೆಯ ದಿನ ವಾಸಿಯಾಗುತ್ತಿದ್ದರು, ಹೆಸರು ನನ್ನ ಕಾಲಿಗೆ ಬರುತ್ತಿತ್ತು. ಇಷ್ಟು ತಿಳಿದೂ ನಾನು ತವರಿಗೆ ಹೋದ ರವಿವಾರಗಳಲ್ಲಿ ಕಾಲು ಊರುವುದನ್ನು ಬಿಡಲಿಲ್ಲ. ಭಿಡೆ ಅಂತೀವಲ್ಲ, ಅದು. ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಅವ್ವ ಕೂತಿರುತ್ತಿದ್ದಳು, ನಾನು ಆಗುವುದಿಲ್ಲ ಅಂದರೆ ಅವಳು ಇಳಿದು ಮತ್ತೆ ಒಲೆಯ ಮುಂದೆ ಹೋಗಿ ಕೂರಬೇಕಾಗುತ್ತಿತ್ತು. ಆದರೆ ಒಂದು ಮಾತನ್ನು ನಾನೂ ಮರೆತಿದ್ದೆ, ಊರೂ ಮರೆತಿತ್ತು. ಕಾಲು ಅದೇ ಇದ್ದರೂ ಕಾಲಿನ ಮೇಲಿನವಳು ಅವಳೇ ಇರಲಿಲ್ಲ. ಐದು ವರ್ಷದ ಹುಡುಗಿಯ ಭಾರಕ್ಕೂ ಐವತ್ತು ದಾಟಿದ, ಕೂತು ಕೂತು ದಪ್ಪಗಾದ ಹೆಂಗಸಿನ ಭಾರಕ್ಕೂ ವ್ಯತ್ಯಾಸವಿದೆ ಎಂದು ಹೇಳಲು ವಿಜ್ಞಾನದ ಪದವಿಯೇನೂ ಬೇಕಿರಲಿಲ್ಲ.

ಅವ್ವನ ಬೆನ್ನು ಕೆಟ್ಟದ್ದು ಬಸ್ಸಿನಲ್ಲಿ. ಗೋಕಾಕದ ನನ್ನ ಮನೆಗೆ ಬರಲು ಬಸ್ಸು ಹತ್ತಿ, ಮುಂದೆ ಜಾಗ ಸಿಗದೆ ಹಿಂದಿನ ಸೀಟಿನಲ್ಲಿ ಕೂತಿದ್ದಾಳೆ. ರಸ್ತೆಯ ಉಬ್ಬಿನ ಮೇಲೆ ಬಸ್ಸು ಹಾರಿ ಬಿದ್ದಾಗ ಬೆನ್ನಿನ ನಡುವೆ ಏನೋ ಚುಚ್ಚಿದಂತಾಗಿದೆ. ಹದಿನೈದು ದಿನವಾದರೂ ನೋವು ಇಳಿಯಲಿಲ್ಲ. ಕೂತರೆ ಏಳಲಾರಳು, ಎದ್ದರೆ ಕೂರಲಾರಳು, ಕೆಮ್ಮಿದರೆ ಕಣ್ಣಲ್ಲಿ ನೀರು. ಮಸಗುಪ್ಪಿಯಿಂದ ಫೋನು ಮಾಡಿದವರೆಲ್ಲ, “ಮಗಳ ಅದಾಳಲ್ಲಬೇ, ನಿನಗ್ಯಾಕ ಚಿಂತಿ?” ಅಂದರಂತೆ. ಅವ್ವನೂ ಅದನ್ನೇ ಕಾಯುತ್ತಿದ್ದಳು. ಅವಳ ವಯಸ್ಸು, ಅವಳ ನೋವು ನೋಡಿ ನನಗೆ ಹೆದರಿಕೆಯಾಯಿತು. “ಮೊದಲ ಡಾಕ್ಟರಿಗೆ ತೋರಸೂಣು” ಅಂದೆ. ಅವಳಿಗೆ ಅದು ಹಿಡಿಸಲಿಲ್ಲ. ನನ್ನ ಮನೆಯಲ್ಲಿ ನಾಲ್ಕು ದಿನ ಮುಖ ಗಂಟಿಕ್ಕಿಕೊಂಡು ಕೂತಳು.

ಬೆನ್ನಿನ ಡಾಕ್ಟರನ್ನು ಆರಿಸುವ ಕೆಲಸ ನನ್ನ ತಲೆಗೆ ಬಂತು. ಶಿಕ್ಷಕರ ಕೋಣೆಯಲ್ಲಿ ಬೆನ್ನಿನ ವಿಷಯ ತೆಗೆದು ನೋಡಿ, ಎಲ್ಲರೂ ಪಂಡಿತರೇ. ಒಬ್ಬರು ಎಣ್ಣೆ ಹೇಳಿದರು, ಒಬ್ಬರು ಪಟ್ಟಿ ಹೇಳಿದರು, ಮೂರನೆಯವರು ಮೊಬೈಲು ತೆಗೆದು ಹುಕ್ಕೇರಿಯ ಒಬ್ಬನ ವಿಡಿಯೊ ತೋರಿಸಿದರು. ಅವನು ಕೈರೋಪ್ರ್ಯಾಕ್ಟರ್ ಅಂತೆ, ಅಂದರೆ ಔಷಧವಿಲ್ಲದೆ ಕೈಯಿಂದಲೇ ಬೆನ್ನೆಲುಬು ಸರಿಮಾಡುವವನು. ಮಲಗಿದವರ ಕುತ್ತಿಗೆ ಹಿಡಿದು ತಿರುವಿದರೆ ಒಣಗಿದ ಅವರೆಕಾಯಿ ಸಿಡಿದಂತೆ ಲಟಲಟ ಸದ್ದು. ನೋಡಿದವರು ಲಕ್ಷ ಲಕ್ಷ ಮಂದಿ. ಲಕ್ಷ ಮಂದಿ ನೋಡಿದ್ದು ಸುಳ್ಳಿರಲಾರದು ಎಂದು ನಾನೂ ಅಂದುಕೊಂಡೆ.

ಹುಕ್ಕೇರಿಗೆ ಹೋದೆವು. ಅಂಗಡಿಯ ಮೇಲಿನ ಮಹಡಿಯಲ್ಲಿ ಜನವೋ ಜನ. ಸರದಿಗಾಗಿ ಕಾಯುತ್ತ ನಾನು ಅವನನ್ನೇ ನೋಡುತ್ತಿದ್ದೆ. ಲಾರಿ ಡ್ರೈವರಿಗೆ ಯಾವ ನಾಲ್ಕು ತಿರುವು ಕೊಟ್ಟನೋ ಕಾಲೇಜು ಹುಡುಗಿಗೂ ಅದೇ ನಾಲ್ಕು, ಅರವತ್ತರ ಕಿರಾಣಿ ಅಂಗಡಿಯವನಿಗೂ ಅದೇ ನಾಲ್ಕು. ಬಂದವರಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿಯುವ ದರ್ಜಿಯ ಹಾಗೆ. ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಅವ್ವನ ಸರದಿ ಬಂದಾಗ ಮೊದಲು ಅವಳ ಸೆರಗಿಗೆ ಒಂದು ಪುಟ್ಟ ಮೈಕು ಸಿಗಿಸಿ, ಕ್ಯಾಮೆರಾದ ಕಡೆ ಮುಖ ತಿರುಗಿಸಿ ಕೂರಿಸಿ, ಹೆಸರು ಕೇಳುವ ಮೊದಲೇ ಗದ್ದಕ್ಕೆ ಕೈ ಹಾಕಿದ. ಅವ್ವ ಆ ಕೈಯನ್ನು ಕಿತ್ತೆಸೆದಳು. “ಏ, ತಗಿ ಕೈ! ನನ್ನ ನೋವ ಊರಿಗೆಲ್ಲ ತೋರಸ್ತಿ ಏನ?” ಎಂದು ಎದ್ದುಬಿಟ್ಟಳು. ಮೆಟ್ಟಿಲು ಇಳಿಯುವಾಗ ನೋವಿನಿಂದ ಮೂರು ಸಲ ನಿಂತಳು, ಆದರೂ ಅವಳ ಬೈಗುಳ ನಿಲ್ಲಲಿಲ್ಲ. ನನಗೆ ಅಂದು ಅವಳ ಮೇಲೆ ಬಹಳ ಅಭಿಮಾನ ಉಂಟಾಯಿತು.

ಎರಡನೆಯವಳು ಗೋಕಾಕದಲ್ಲೇ ಇದ್ದಳು. ಫಿಜಿಯೋಥೆರಪಿ ಓದಿ, ಮೇಲೆ ಕೈರೋಪ್ರ್ಯಾಕ್ಟಿಕ್ ಕಲಿತು ಬಂದ ಹುಡುಗಿ. ವಯಸ್ಸು ಮೂವತ್ತರ ಒಳಗೇ. ಬೋರ್ಡಿನ ಮೇಲಿನ ಆ ಶಬ್ದ ಓದಲು ಬಾರದೆ ಜನ ಅವಳನ್ನು ಬೆನ್ನಿನ ಡಾಕ್ಟರಮ್ಮ ಎನ್ನುತ್ತಿದ್ದರು. ಹಿಡಕಲ್ ಡ್ಯಾಮಿನ ಕಾಲೊನಿಯಲ್ಲಿ ಬೆಳೆದವಳು, ಅಪ್ಪ ನೀರಾವರಿ ಇಲಾಖೆಯವರು. ಸರ್ಕಾರಿ ಕ್ವಾರ್ಟರ್ಸಿನ ಮಕ್ಕಳಿಗೆ ಊರು ಅಂತ ಇರುವುದಿಲ್ಲ, ಬೆನ್ನಿಗೆ ನಿಲ್ಲುವ ಓಣಿಯ ಜನ ಇರುವುದಿಲ್ಲ. ಇದು ಮುಂದೆ ನಮಗೆ ಬಹಳ ಅನುಕೂಲವಾಯಿತು.

ಅವಳು ಅವ್ವನನ್ನು ಮಲಗಿಸಲೇ ಇಲ್ಲ. ಕುರ್ಚಿಯಲ್ಲಿ ಕೂರಿಸಿ, ತಾನೂ ಎದುರಿಗೆ ಕೂತು ಕೇಳತೊಡಗಿದಳು. ನೋವು ಯಾವಾಗ ಬಂತು, ಕಾಲಿನಲ್ಲಿ ಜೋಮು ಹಿಡಿಯುತ್ತದೆಯೇ, ಮಲಗಿದಾಗ ಹೆಚ್ಚೋ ಎದ್ದಾಗ ಹೆಚ್ಚೋ.

“ಮಣಕಾಲ ನೋವಿಗೆ ಸೂಜಿ ಮಾಡಿಸ್ಕೋತಿದ್ದಿರೇನ್ರಿ?”

“ಇಲ್ಲವಾ,” ಅಂದಳು ಅವ್ವ.

ನಾನು ಬಾಯಿ ಹಾಕಿದೆ. ಊರಿಗೆ ಸೈಕಲ್ ಮೋಟರಿನ ಮೇಲೆ ಬರುವ ಒಬ್ಬನಿಂದ ಅವ್ವ ವರ್ಷಗಟ್ಟಲೆ ಮೊಣಕಾಲಿಗೆ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದಳು. ಮಾಡಿಸಿಕೊಂಡ ದಿನ ಎಳೆಯವಳ ಹಾಗೆ ಓಡಾಡುತ್ತಿದ್ದಳು. ಹುಡುಗಿ ಅದನ್ನು ಬರೆದುಕೊಂಡಳು. ಆಮೇಲೆ ಒಂದು ವಿಚಿತ್ರ ಪ್ರಶ್ನೆ ಕೇಳಿದಳು.

“ಅಮ್ಮಾರ, ಈಗೀಗ ಸೀರಿ ಉದ್ದ ಆದಂಗ ಅನಸ್ತೈತೇನ್ರಿ? ನಿರಗಿ ಕಾಲಾಗ ಸಿಗತಾವೇನು?”

ಅವ್ವನ ಮುಖ ಅರಳಿತು. “ಹೌದ ನೋಡವಾ! ಈಗಿನ ಸೀರಿನ ಹಂಗ ಬರತಾವ. ಮೊದಲಿನ ಅಳತಿ ಎಲ್ಲೈತಿ?”

ನಾನೂ ನಕ್ಕೆ. ಹುಡುಗಿ ನಗಲಿಲ್ಲ. ಸೀರೆ ಉದ್ದವಾಗಿರಲಿಲ್ಲ, ಅವ್ವ ಗಿಡ್ಡಗಾಗಿದ್ದಳು. ವಯಸ್ಸಿಗೆ, ಆ ಸೂಜಿಗಳಿಗೆ ಬೆನ್ನೆಲುಬುಗಳು ಒಳಗೆ ಟೊಳ್ಳಾಗಿ ಒಂದೊಂದೇ ಕುಸಿಯುತ್ತಿದ್ದವು. ಮಕ್ಕಳಿಗೆ ಅಸ್ಥಿಪಂಜರ ತೋರಿಸುವ ನನಗೆ ಎದುರಿಗಿದ್ದ ಅವ್ವ ಕುಗ್ಗಿದ್ದು ಕಂಡಿರಲಿಲ್ಲ. ಹುಡುಗಿ ಎದ್ದು ಬಂದು, ಬೆರಳ ಗೆಣ್ಣಿನಿಂದ ಬೆನ್ನಿನ ಗುಂಟ ಬಾಗಿಲು ತಟ್ಟಿದಷ್ಟೇ ಹಗುರವಾಗಿ ತಟ್ಟುತ್ತ ಬಂದಳು. ಒಂದು ಕಡೆ ಅವ್ವ ಚೀರಿದಳು. ಅವಳು ಕೈ ತೆಗೆದಳು.

“ನಾ ಇದಕ್ಕ ಕೈ ಹಚ್ಚಂಗಿಲ್ರಿ. ಎಲುಬ ಬಿರುಕ ಬಿಟ್ಟಿರಬೇಕು. ನಾಳೆ ಎಕ್ಸ್‌ರೇ ತಗಸ್ರಿ, ಬೆಳಗಾವಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಸ್ರಿ. ಚೀಟಿ ಬರದ ಕೊಡ್ತೇನಿ. ಅಲ್ಲೀತನಾ ತಿಕ್ಕೂದು, ಒತ್ತೂದು, ಏನೂ ಬ್ಯಾಡ.”

ಅವ್ವನಿಗೆ ಸಿಟ್ಟು ಬಂತು. “ಬೆನ್ನಿನ ಬೋರ್ಡ ಹಾಕೀದಿ, ಬೆನ್ನ ಮುಟ್ಟಂಗಿಲ್ಲಂತಿ. ನನ್ನ ಮಗಳ ಕಾಲ ಮುಂದಾಗಿ ಹುಟ್ಟ್ಯಾಳ. ಇಡೀ ಊರ ಬೆನ್ನ ಆಕೀನ ನೆಟ್ಟಗ ಮಾಡ್ಯಾಳ. ನಿನ್ನಂಗ ಓದಿದ್ರೂ ಆಕಿಗೆ ಸೊಕ್ಕ ಇಲ್ಲ.”

ಹುಡುಗಿ ನನ್ನ ಕಡೆ ತಿರುಗಿ, “ಅಕ್ಕಾರ, ನೀವು ಸೈನ್ಸ್ ಕಲಸವ್ರು,” ಅಂದಳು. “ದಯಮಾಡಿ ಕಾಲ ಇಡಬ್ಯಾಡ್ರಿ.” ಫೀ ಕೊಡಲು ಹೋದರೆ ತಾನು ಏನೂ ಮಾಡಿಲ್ಲವೆಂದು ತೆಗೆದುಕೊಳ್ಳಲಿಲ್ಲ.

ನಾನು ಇಲ್ಲಿ ಬೀಗಿದೆ. ಸರಿಯಾದವಳನ್ನೇ ಆರಿಸಿದ್ದೇನೆ ಅಂದುಕೊಂಡೆ. ಈಗಲೂ ಅದನ್ನೇ ಹೇಳುತ್ತೇನೆ. ಬೆನ್ನನ್ನು ಒಪ್ಪಿಸಬೇಕಾದದ್ದು, ಕೈ ಹಾಕುವ ಮೊದಲು ಬಾಯಿ ತೆರೆದು ಕೇಳುವವರಿಗೆ. ಕೇಳಿದ ಮೇಲೆ, ಇದು ನನ್ನ ಕೆಲಸವಲ್ಲ, ಬೇರೆ ಕಡೆ ಹೋಗಿ ಎನ್ನುವ ಎದೆ ಇದ್ದವರಿಗೆ. ಅದನ್ನು ಗುರುತಿಸುವಷ್ಟು ಬುದ್ಧಿ ನನಗಿತ್ತು. ಅವಳು ಹೇಳಿದ್ದನ್ನು ಕೇಳುವಷ್ಟು ಇರಲಿಲ್ಲ.

ಆಟೊದಲ್ಲಿ ಅವ್ವ, “ಆಕಿ ನನ್ನ ಮುಟ್ಟಾಕ ಹೇಸಿದ್ಳು” ಅಂದಳು. ಹಾಗಲ್ಲವೆಂದು ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಬೆರಳಿನಿಂದ ತಟ್ಟಿದ್ದು ಅವಳಿಗೆ ಮುಟ್ಟಿದ್ದಲ್ಲ, ಮುಟ್ಟದೆ ಕಳಿಸುವುದು ಅವಳ ಲೆಕ್ಕದಲ್ಲಿ ಮನೆಯಿಂದ ಹೊರಹಾಕಿದಂತೆ. ನಮ್ಮಲ್ಲಿ ನಾಡಿ ಹಿಡಿಯದ ಡಾಕ್ಟರು ಡಾಕ್ಟರೇ ಅಲ್ಲ, ಸೂಜಿ ಚುಚ್ಚದವನು ಕಲಿತವನೇ ಅಲ್ಲ. ಎಕ್ಸ್‌ರೇ ಮರುದಿನವೇ ಆಗಬೇಕಿತ್ತು. ನನಗೆ ಶಾಲೆಯಲ್ಲಿ ಪರೀಕ್ಷೆಯ ಕೆಲಸವಿತ್ತು. ಸೋಮವಾರ ರಜೆ ಹಾಕುತ್ತೇನೆ, ಅಂದೇ ಬೆಳಗಾವಿಗೆ ಹೋಗೋಣ ಅಂದೆ. ಅಷ್ಟರಲ್ಲಿ ಎರಡು ದಿನ ಊರಿಗೆ ಬಿಟ್ಟು ಬಾ ಎಂದು ಅವ್ವ ಹಟ ಹಿಡಿದಳು. ಶನಿವಾರ ಕಾರು ಮಾಡಿಕೊಂಡು ಮಸಗುಪ್ಪಿಗೆ ಬಿಡಲು ಹೋದವಳು ನಾನೂ ಅಲ್ಲೇ ಉಳಿದೆ.

ಮರುದಿನ ರವಿವಾರ. ಬೆಳಿಗ್ಗೆ ಎದ್ದು ಬಂದು ನೋಡಿದರೆ ಅವ್ವ ಹೊಸ್ತಿಲ ಹೊರಗೆ ಚಾಪೆ ಹಾಕಿಕೊಂಡು ಬೋರಲು ಮಲಗಿದ್ದಾಳೆ. ನೀರೂ ಕುಡಿದಿರಲಿಲ್ಲ.

“ಯವ್ವಾ, ಏಳ. ಆಕಿ ಏನ ಹೇಳ್ಯಾಳ ಮರತೇನ?”

“ಆಕಿ ಮಾತ ಬಿಡ. ಊರ ಮಂದಿ ಬೆನ್ನೆಲ್ಲಾ ತುಳದಿ. ಹಡದಾಕಿ ಬೆನ್ನಿಗೆ ಮಾತ್ರ ನಿನ್ನ ಕಾಲ ಬರೂದಿಲ್ಲ? ಎರಡ ದಿನಾ ಒದ್ದಾಡಿ ನಿನ್ನ ಹಡದದ್ದು ಮಂದಿ ಸಲವಾಗಿ ಏನ?”

“ಸೋಮವಾರ ಬೆಳಗಾವಿಗೆ ಹೋಗೂಣು. ಒಂದ ದಿನಾ ತಡಿ.”

“ನಿನ್ನ ಕಾಲಾಗ ಏನೂ ಇಲ್ಲಂತ ನೀನ ಹೇಳಿಬಿಡ ಹಂಗಾರ. ಇಲ್ಲೇ ಹೇಳ. ನಾ ಎದ್ದ ಒಳಗ ಹೋಗತೇನಿ.”

ಹೇಳಬಹುದಿತ್ತು. ಏನೂ ಇಲ್ಲ, ಎಂದೂ ಇರಲಿಲ್ಲ, ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಎದ್ದು ಒಳಗೆ ಹೋಗುತ್ತಿದ್ದಳು, ತಿಂಗಳು ಮಾತು ಬಿಡುತ್ತಿದ್ದಳು, ನಡೆದಾಡುತ್ತಿದ್ದಳು. ನನಗೆ ಅವಳ ಮೇಲೆ ಕನಿಕರ ಬಂತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಕನಿಕರ ಅರ್ಧ ಮಾತ್ರ. ಉಳಿದರ್ಧ ಸೊಕ್ಕು. ಅಷ್ಟೆಲ್ಲ ಓದಿದ ಹುಡುಗಿ ಕೈಲಾಗದು ಎಂದ ಬೆನ್ನು, ಯಾರಿಗೆ ಗೊತ್ತು, ನನ್ನ ಕಾಲಿಗೆ ಒಲಿದರೂ ಒಲಿದೀತು ಎಂಬ ಐದು ವರ್ಷದ ಹುಡುಗಿಯ ಸೊಕ್ಕು ನನ್ನೊಳಗೆ ಇನ್ನೂ ಜೀವಂತವಿತ್ತು.

ಬಾಗಿಲ ಚೌಕಟ್ಟು ಹಿಡಿದುಕೊಂಡು ಎಡಗಾಲ ಹಿಮ್ಮಡಿಯನ್ನು ಹಗುರವಾಗಿ ಇಟ್ಟೆ. ಒಂದು ಸಲ, ಎರಡು ಸಲ.

“ಹೂವ ಇಟ್ಟಂಗ ಇಡಬ್ಯಾಡ,” ಅಂದಳು ಅವ್ವ. “ಭಾರ ಹಾಕ.”

ಮೂರನೆಯ ಸಲ ಭಾರ ಹಾಕಿದೆ. ಒಣ ತೊಗರಿ ಕಟ್ಟಿಗೆ ಮುರಿದಂತಹ ಸದ್ದನ್ನು ನಾನು ಕಿವಿಯಿಂದ ಕೇಳಿದ್ದಕ್ಕಿಂತ ಹೆಚ್ಚಾಗಿ ಹಿಮ್ಮಡಿಯಿಂದ ಕೇಳಿದೆ. ಅವ್ವ ಒಂದು ಗಳಿಗೆ ಉಸಿರು ಬಿಡಲಿಲ್ಲ. ಆಮೇಲೆ, “ಹಾಂ, ಎಲುಬ ಕೂತ್ತ ನೋಡ” ಅಂದಳು.

ಅವಳನ್ನು ಎಬ್ಬಿಸಿದೆ. ಗೋಡೆ ಹಿಡಿದು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟಳು. ನನಗೆ ನಗು ಬಂದಿತ್ತು, ಅಷ್ಟು ಸಮಾಧಾನ. ಮಧ್ಯಾಹ್ನ ಕಾಲಿನಲ್ಲಿ ಇರುವೆ ಹರಿದಂತಾಗುತ್ತಿದೆ ಅಂದಳು. ಸೋಮವಾರ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡಲು ನೋಡಿದರೆ ಕಾಲು ಅವಳ ಮಾತು ಕೇಳಲಿಲ್ಲ. ಬೆಳಗಾವಿಗೆ ಹೋದೆವು, ಆದರೆ ಅವಳನ್ನು ಹೊತ್ತುಕೊಂಡು ಹೋದೆವು.

ಅಲ್ಲಿಯ ಡಾಕ್ಟರು ಫಿಲ್ಮನ್ನು ದೀಪಕ್ಕೆ ಹಿಡಿದು ನೋಡಿ, “ಮೊದಲೇ ಬಿರುಕಿತ್ತು. ಆಮೇಲೆ ಯಾರೋ ಜೋರಾಗಿ ಒತ್ತಿದ್ದಾರೆ. ಚೂರು ಒಳಗೆ ಸರಿದು ನರವನ್ನು ಹಿಚುಕಿದೆ. ಯಾರು ಒತ್ತಿದ್ದು?” ಎಂದು ಕೇಳಿದರು. ಸ್ಟ್ರೆಚರಿನ ಮೇಲೆ ಮಲಗಿದ್ದ ಅವ್ವ ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು.

“ಗೋಕಾಕದಾಗ ಒಬ್ಬಾಕಿ ಬೆನ್ನಿನ ಡಾಕ್ಟರ ಅದಾಳಲ್ರಿ. ಆಕಿ ಒತ್ತಿದ್ಳು.”

ನನ್ನ ತಮ್ಮ ನನ್ನ ಪಕ್ಕದಲ್ಲೇ ನಿಂತಿದ್ದ. ಮಸಗುಪ್ಪಿಯ ಹೊಲಮನೆ ನೋಡಿಕೊಂಡು ಅವ್ವನ ಜೊತೆಗಿರುವವನು, ಆ ರವಿವಾರ ಬೆಳಿಗ್ಗೆ ಹೆಂಡತಿಯೊಂದಿಗೆ ಕಬ್ಬಿಗೆ ನೀರು ಬಿಡಲು ಹೋಗಿದ್ದ. ಅವನು ನನ್ನ ಮುಖ ನೋಡಿದ. “ಖರೇನ ಅಕ್ಕಾ?” ಅಂದ. ನಾನು ನೆಲ ನೋಡಿದೆ. ನಮ್ಮಲ್ಲಿ ಅದಕ್ಕೆ ಹೌದು ಅಂತಲೇ ಅರ್ಥ.

ಮರುದಿನ ತಮ್ಮ ನಾಲ್ಕು ಜನರನ್ನು ಕಟ್ಟಿಕೊಂಡು ಗೋಕಾಕದ ಆ ದವಾಖಾನೆಗೆ ಹೋದ. ಬೀದಿಯಲ್ಲಿ ನಿಂತು ಕೂಗಾಡಿದ. ಅವಳು ತಾನು ಒತ್ತಿಲ್ಲವೆಂದಳಂತೆ, ಬರೆದಿಟ್ಟ ಕಾಗದ ತೋರಿಸಿದಳಂತೆ. ಅವಳೇ ಬರೆದದ್ದನ್ನು ಯಾರು ನಂಬುತ್ತಾರೆ? ಕೈ ಹಚ್ಚಿಲ್ಲವೆಂದು ಬರೆದು ಅವಳು ನಮಗೆ ಕೊಟ್ಟ ಚೀಟಿ, ಬೆಳಗಾವಿಯಲ್ಲೂ ತೋರಿಸದೆ, ನನ್ನ ಪರ್ಸಿನಲ್ಲೇ ಇತ್ತು. ಆ ಸಂಜೆ ಅವಳು ನನಗೆ ಫೋನು ಮಾಡಿದಳು. ಆಗಲೂ ಮಾತಿಗೆ ‘ರಿ’ ಸೇರಿಸುವ ಮರ್ಯಾದೆ ಬಿಡಲಿಲ್ಲ. “ಅಕ್ಕಾರ, ನಾ ಒತ್ತಿಲ್ಲಂತ ನೀವೊಂದ ಮಾತ ಹೇಳ್ರಿ. ನೀವ ಹೇಳಿದ್ರ ಕೇಳತಾರು.” ನಾನು, “ನೋಡತೇನ್ರಿ” ಅಂದೆ. ನಮ್ಮ ಕಡೆ ಆಗುವುದಿಲ್ಲ ಎನ್ನುವುದನ್ನು ಹೀಗೆ ಹೇಳುತ್ತಾರೆ. ಅವಳಿಗೂ ಅದು ಗೊತ್ತಿತ್ತು, ಮತ್ತೆ ಫೋನು ಮಾಡಲಿಲ್ಲ. ಮಾತು ಮೂಡಲಗಿಯ ಸಂತೆಗೆ ಹೋಯಿತು, ಹುಕ್ಕೇರಿಯ ಬಸ್‌ಸ್ಟ್ಯಾಂಡಿಗೆ ಹೋಯಿತು. ನಾಲ್ಕು ತಿಂಗಳಿಗೆ ಅವಳ ಬಾಗಿಲು ಮುಚ್ಚಿತು. ಈಗ ಅಲ್ಲಿ ಮೊಬೈಲಿನ ಅಂಗಡಿಯಿದೆ.

ಆಪರೇಷನ್ ಆದರೂ ಅವ್ವನ ಕಾಲು ಬರಲಿಲ್ಲ. ಮಸಗುಪ್ಪಿಯ ನಡುಮನೆಯಲ್ಲಿ ಮಂಚ ಹಿಡಿದಳು. ಒಂದು ದಿನ ಅವಳ ಮೈ ಒರೆಸುವಾಗ, ಮನೆಯಲ್ಲಿ ಇಬ್ಬರೇ ಇದ್ದೆವು, ಕೇಳಿಯೇ ಬಿಟ್ಟೆ.

“ಆಕಿ ಹೆಸರ ಯಾಕ ಹೇಳಿದಿ?”

ನನ್ನನ್ನು ಕಾಪಾಡಲು ಎಂದು ಹೇಳಿಯಾಳೆಂಬ ಆಸೆ ನನಗಿತ್ತು. ಅವಳು ಛಾವಣಿಯ ಜಂತಿ ನೋಡುತ್ತ ಹೇಳಿದಳು:

“ಖರೆ ಹೇಳಿದ್ರ ನಿನ್ನ ಕಾಲ ಸುಳ್ಳಾಗತಿತ್ತು. ನಿನ್ನ ಕಾಲ ಸುಳ್ಳಾದ್ರ ನಾ ಈ ಮನ್ಯಾಗ ಯಾರ? ಆಕಿ ಹೊರಗಿನಾಕಿ. ಬ್ಯಾರೆ ಊರಿಗೆ ಹೋಗತಾಳ, ಬ್ಯಾರೆ ಬೋರ್ಡ ಹಾಕತಾಳ. ನಾವ ಎಲ್ಲಿಗಿ ಹೋಗೂದು?”

ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಹಿತ್ತಲಿಗೆ ಹೋದೆ. ನನಗೆ ಅವಳನ್ನು ಕಂಡರೆ ಆಗಲಿಲ್ಲ, ಆ ಹೊತ್ತು ಖರೇನೇ ಆಗಲಿಲ್ಲ. ಹತ್ತು ನಿಮಿಷದ ಮೇಲೆ ಬಂದು ಉಳಿದ ಮೈ ಒರೆಸಿದೆ.

ಅಂದಿನಿಂದ ಊಟ ಸೇರದಾಯಿತು. ಒಂದು ಶನಿವಾರ ಶಾಲೆ ಮುಗಿಸಿ ಹಿಡಕಲ್ಲಿಗೆ ಹೋದೆ. ಕಾಲೊನಿಯಲ್ಲಿ ಕೇಳುತ್ತ ಹೋಗಿ ಅವಳ ತಂದೆತಾಯಿಯ ಮನೆ ಹುಡುಕಿದೆ. ಬಾಗಿಲು ತೆರೆದವಳು ಅವಳೇ. ಒಳಗೆ ಕರೆದಳು, ನೀರು ಕೊಟ್ಟಳು. ಈಗ ಕೆಲಸವಿಲ್ಲದೆ ಮನೆಯಲ್ಲೇ ಇದ್ದೇನೆ, ಎಲ್ಲಾದರೂ ದೂರ ಹುಡುಕುತ್ತಿದ್ದೇನೆ ಅಂದಳು. ನಾನು ಎಲ್ಲವನ್ನೂ ಹೇಳಿದೆ. ರವಿವಾರ, ಹೊಸ್ತಿಲು, ಮೂರನೆಯ ಸಲ, ಎಲ್ಲ. ಹೇಳುತ್ತ ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಕೊನೆಯವರೆಗೆ ಕೇಳಿ, “ಅಕ್ಕಾರ, ಇದನ್ನ ನನಗ್ಯಾಕ ಹೇಳತೀರಿ?” ಅಂದಳು. “ನಾ ಒತ್ತಿಲ್ಲಂತ ನನಗ ಗೊತ್ತೈತಿ. ಗೊತ್ತಿಲ್ಲದವರಿಗೆ ಹೇಳ್ರಿ.”

ಹೇಳುತ್ತೇನೆ ಎಂದು ಅವಳ ಕೈ ಹಿಡಿದು ಮಾತು ಕೊಟ್ಟೆ. ಬರುವಾಗ ಬಸ್ಸಿನಲ್ಲಿ ಯಾರಿಗೆ ಮೊದಲು ಹೇಳಬೇಕು, ಹೇಗೆ ಶುರು ಮಾಡಬೇಕು ಎಂದು ಯೋಚಿಸಿದೆ. ತಮ್ಮನಿಗೆ ಹಬ್ಬದ ದಿನ ಹೇಳೋಣ ಅಂದುಕೊಂಡೆ. ಹಬ್ಬದ ದಿನ ಯಾಕೆ ಕೆಡಿಸುವುದು ಎನಿಸಿತು. ಅವ್ವನಿಗೆ ಜ್ವರ ಇಳಿದ ಮೇಲೆ ಹೇಳೋಣ ಅಂದುಕೊಂಡೆ. ಜ್ವರ ಇಳಿಯಲಿಲ್ಲ. ಮಲಗಿ ಮಲಗಿ ಬೆನ್ನಿಗೆ ಹುಣ್ಣಾಗಿ, ಒಂದೂವರೆ ವರ್ಷ ಕಳೆದು, ಅವ್ವ ಹೋದಳು.

ನಮ್ಮ ಸಂಪ್ರದಾಯದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ, ಬದುಕಿದ್ದಾಗ ಪೂಜೆಗೆ ಕೂತಂತೆಯೇ ಕೂರಿಸುತ್ತೇವೆ. ಮಣ್ಣಿಗೂ ಹಾಗೆಯೇ ಕೂತೇ ಹೋಗಬೇಕು. ಅವ್ವ ಕೂರಲಿಲ್ಲ. ಎಷ್ಟು ಸಲ ಎತ್ತಿ ಒರಗಿಸಿದರೂ ಬೆನ್ನು ನಡುವೆ ಮಡಿಚಿ ಮುಂದಕ್ಕೆ ಬಾಗುತ್ತಿತ್ತು. ಕೊನೆಗೆ ಒಂದು ಹಲಗೆಯನ್ನು ಹಿಂದೆ ಕೊಟ್ಟು, ಧೋತರ ಹರಿದು, ಎದೆಯ ಸುತ್ತ ಬಿಗಿದು ಕಟ್ಟಿದರು. ತಮ್ಮ ಗಂಟು ಹಾಕುತ್ತ, ನೆರೆದವರಿಗೆಲ್ಲ ಕೇಳಿಸುವಂತೆ, “ಆ ಗೋಕಾಕದಾಕಿ ನಮ್ಮವ್ವನ್ನ ಕೂಡ್ರಾಕೂ ಬಿಡಲಿಲ್ಲ” ಎಂದು ಗೋಳಾಡಿದ. ಗೊತ್ತಿಲ್ಲದವರೆಲ್ಲ ಅಂದು ಅಲ್ಲೇ ಇದ್ದರು. ಓಣಿಯವರು, ಬೀಗರು, ನನ್ನ ಶಾಲೆಯವರು, ತಮ್ಮನ ಜೊತೆ ಕೂಗಾಡಲು ಹೋಗಿದ್ದ ಆ ನಾಲ್ವರು. ಎಲ್ಲರ ಮುಂದೆ ಒಂದೇ ಮಾತು ಸಾಕಿತ್ತು. ನಾನು ಎದ್ದು ನಿಂತೆ ಕೂಡ.

ಅಪ್ಪನ ತಂಗಿ, ಕಣಗಲಾ ಊರಿಗೆ ಕೊಟ್ಟ ನನ್ನ ಸೋದರತ್ತೆ, ಪಕ್ಕದಲ್ಲಿ ಕೂತಿದ್ದಳು. ನನ್ನ ಕೈ ಹಿಡಿದು ಎಳೆದು ಮತ್ತೆ ಕೂರಿಸಿಕೊಂಡಳು. ಅಳುತ್ತಲೇ ಬೈದಳು.

“ಎಷ್ಟ ಓದಿದ್ರೇನ ಬಂತಬೇ ನಿನಗ? ಮನ್ಯಾಗ ಇಂಥಾ ಕಾಲ ಇಟ್ಟಕೊಂಡ ಆ ಡಾಕ್ಟರ ಕಡೆ ಯಾಕ ಕರಕೊಂಡ ಹೋದಿ? ನೀನ ಒಮ್ಮೆ ತುಳದಿದ್ರ ನಿಮ್ಮವ್ವ ಇವತ್ತ ಎದ್ದ ಓಡ್ಯಾಡತಿದ್ಳು.”

ಸುತ್ತಲಿನ ಹೆಂಗಸರು ಹೌದು ಹೌದೆಂದು ತಲೆಯಾಡಿಸಿದರು. ಎಲ್ಲರೂ ನನ್ನ ಉತ್ತರಕ್ಕಾಗಿ ನೋಡುತ್ತಿದ್ದರು.

“ಹೌದ ಅತ್ತಿ,” ಅಂದೆ. “ತಪ್ಪಾತು.”